ಅರಸೀಕೆರೆಯಲ್ಲಿ ಗಾಡಿ ಬದಲಿಸಿ: ಕಡೂರು ಸೀಮೆಯಿಂದ ಅರ್ಥಶಾಸ್ತ್ರ ಓದಲು ಹೊರಟವರ ಚರಿತ್ರೆ

ಇವತ್ತಿನ ಸಂಚಿಕೆಯನ್ನು ಒಂದು ಬೋರ್ಡಿನಿಂದ ಶುರು ಮಾಡ್ತೀನಿ. ಕಡೂರಿಗೆ ಹೋಗಿ, ಅಜ್ಜಂಪುರಕ್ಕೆ ಹೋಗಿ, ಕರ್ನಾಟಕದ ಯಾವ ತಾಲ್ಲೂಕಿಗಾದರೂ ಹೋಗಿ, ಊರಾಚೆ ಒಂದು ಕಟ್ಟಡದ ಮೇಲೆ ‘ಸರ್ಕಾರಿ ಪ್ರಥಮ ದರ್ಜೆ ಕಾಲೇಜು’ ಅಂತ ಬರೆದಿರುತ್ತೆ. ಇಂಥವು ರಾಜ್ಯದಲ್ಲಿ 400ಕ್ಕೂ ಹೆಚ್ಚು ಇವೆ. ಸರಿ, ಪ್ರಥಮ ದರ್ಜೆ ಅಂದ ಮೇಲೆ ದ್ವಿತೀಯ ದರ್ಜೆ ಕಾಲೇಜು ಎಲ್ಲೋ ಇರಬೇಕಲ್ವಾ? ಎಲ್ಲಿದೆ ಅದು?

ಈಗ ಇಲ್ಲ. ಹಿಂದೆ ಇತ್ತು. ಬ್ರಿಟಿಷರ ಕಾಲದಲ್ಲಿ ಈ ‘ದರ್ಜೆ’ಗೂ ಗುಣಮಟ್ಟಕ್ಕೂ ಸಂಬಂಧ ಇರಲಿಲ್ಲ. ಬಿ.ಎ. ತನಕ ಪಾಠ ಹೇಳುವ ಕಾಲೇಜು ಪ್ರಥಮ ದರ್ಜೆಯದು. ಮೊದಲ ಎರಡು ವರ್ಷ ಮಾತ್ರ ಹೇಳಿಕೊಟ್ಟು, ‘ಇನ್ನು ಮುಂದಿನದನ್ನು ದೊಡ್ಡ ಊರಲ್ಲಿ ಓದಿಕೊಳ್ಳಪ್ಪ’ ಅಂತ ಕಳಿಸುವ ಕಾಲೇಜು ದ್ವಿತೀಯ ದರ್ಜೆಯದು. ಮೊದಲು ಅದನ್ನು ಎಫ್.ಎ. ಅಂದರು, ಆಮೇಲೆ ಇಂಟರ್‌ಮೀಡಿಯೆಟ್ ಅಂದರು. ನಮ್ಮ ಅಜ್ಜಂದಿರ ಬಾಯಲ್ಲಿ ಅದು ‘ಇಂಟರ್’.

ಅಮೆರಿಕದಲ್ಲಿ ‘ಕಮ್ಯುನಿಟಿ ಕಾಲೇಜು’ ಅಂತಾರಲ್ಲ, ಊರ ಹತ್ತಿರದ ಕಾಲೇಜಿನಲ್ಲಿ ಎರಡು ವರ್ಷ ಓದಿ, ಅಲ್ಲಿಂದ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗ ಆಗೋದು, ಅದರ ರೀಲ್ಸ್ ನೀವು ನೋಡಿರ್ತೀರಿ. ‘ಕಮ್ಯುನಿಟಿ ಕಾಲೇಜಿನಿಂದ ಬರ್ಕ್‌ಲಿಗೆ ಹೋದೆ, ಇಕನಾಮಿಕ್ಸ್ ಮೇಜರ್’ ಅನ್ನೋ ಥರದವು. ಅದನ್ನು ನೋಡಿ ನಮ್ಮಲ್ಲಿ ಇಂಥದ್ದು ಯಾವತ್ತೂ ಇರಲಿಲ್ಲ ಅಂದುಕೊಂಡರೆ ತಪ್ಪು. ಮೈಸೂರು ಸೀಮೆಯಲ್ಲಿ ಅದು ಮೂರು ದಶಕಕ್ಕೂ ಹೆಚ್ಚು ಕಾಲ ಮಾಮೂಲಿ ದಾರಿಯಾಗಿತ್ತು. ಕಡೂರು, ತರೀಕೆರೆ, ಅಜ್ಜಂಪುರದ ಹುಡುಗರು ಆ ದಾರಿಯಲ್ಲಿ ಹೋಗಿದ್ದಾರೆ. ಆ ದಾರಿ ಹೇಗೆ ಬಂತು, ಯಾಕೆ ಹೋಯ್ತು, ಅದರಲ್ಲೂ ಅರ್ಥಶಾಸ್ತ್ರ ಓದೋರಿಗೆ ಅದು ಹೋಗಿದ್ದರಿಂದ ಏನಾಯ್ತು ಅನ್ನೋದು ಇವತ್ತಿನ ಕಥೆ.

ಮೊದಲು ಜಾಗದ ಪರಿಚಯ. ಇವತ್ತು ಚಿಕ್ಕಮಗಳೂರು ಅಂದ ತಕ್ಷಣ ಎಲ್ಲರಿಗೂ ಕಾಫಿ, ಮಂಜು, ಹೋಮ್‌ಸ್ಟೇ. ಆದರೆ 1947ರ ತನಕ ಆ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಈ ಕಡೂರು ಕಡೆಯದು ಬೇರೆಯೇ ಲೋಕ: ಬಯಲುಸೀಮೆ, ತೆಂಗು, ರಾಗಿ, ಮಳೆ ಕೈಕೊಟ್ಟರೆ ಕುಡಿಯುವ ನೀರಿಗೂ ಕಷ್ಟ. ಪಕ್ಕದ ಬೀರೂರು ಅಡಿಕೆ ಮಾರುಕಟ್ಟೆ. ತರೀಕೆರೆ ಅರ್ಧ ಮಲೆನಾಡು, ಅರ್ಧ ಬಯಲು; ಅಡಿಕೆ ತೋಟ, ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ದನಗಳ ಸಂವರ್ಧನಾ ಕೇಂದ್ರ ಇದೆ. ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾಗಿದ್ದು ಈಚೆಗೆ. (ಸಾಹಿತ್ಯದವರಿಗೆ ಅಜ್ಜಂಪುರ ಅಂದರೆ ‘ಆನಂದ’ ಅನ್ನೋ ಹೆಸರಲ್ಲಿ ಕಥೆ ಬರೆದ ಅಜ್ಜಂಪುರ ಸೀತಾರಾಂ.) ನೀರು, ಬೆಲೆ, ಸಾಲ, ಮಾರುಕಟ್ಟೆ, ಇಷ್ಟೂ ದಿನಾ ಬೆಳಗಾದರೆ ಕಣ್ಣಿಗೆ ಬೀಳುವ ಊರುಗಳಿವು. ಅರ್ಥಶಾಸ್ತ್ರ ಓದಬೇಕು ಅನ್ನಿಸೋಕೆ ಇಷ್ಟು ಸಾಕು.

ಈ ಮೂರೂ ಊರಿಗೆ ಇನ್ನೊಂದು ಸಮಾನ ಅಂಶ ಇದೆ: ರೈಲು. 1880ರ ದಶಕದ ಕೊನೆಗೆ ಬೆಂಗಳೂರು–ಹರಿಹರ ಮಾರ್ಗ ಬಂದಾಗ ಕಡೂರು, ಬೀರೂರು, ಅಜ್ಜಂಪುರಕ್ಕೆ ಸ್ಟೇಷನ್ ಬಂತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹಾಕಿದಾಗ ತರೀಕೆರೆಗೂ ಬಂತು. ಆಮೇಲೆ ಅರಸೀಕೆರೆಯಿಂದ ಹಾಸನ, ಹೊಳೆನರಸೀಪುರದ ಮೇಲೆ ಮೈಸೂರಿಗೂ ಹಳಿ ಬಿತ್ತು. ಅಲ್ಲಿಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಹೊರಟ ಹುಡುಗ ಅರಸೀಕೆರೆಯಲ್ಲಿ ಗಾಡಿ ಬದಲಿಸಿದರೆ ಮೈಸೂರು ಸೇರಬಹುದಿತ್ತು. ಜಿಲ್ಲೆಯ ಕೇಂದ್ರ ಚಿಕ್ಕಮಗಳೂರಿಗೆ ರೈಲು ಬಂದಿದ್ದು 2013ರಲ್ಲಿ, ಅಂದ್ರೆ ಕಡೂರಿಗೆ ಬಂದು ನೂರಿಪ್ಪತ್ತು ವರ್ಷಕ್ಕೂ ಹೆಚ್ಚಾದ ಮೇಲೆ! ಓದಿನ ವಿಷಯದಲ್ಲಿ ಕಡೂರು ಸೀಮೆಯವರು ಸದಾ ಹೊರಗೆ ಮುಖ ಮಾಡಿದ್ದಕ್ಕೆ ಈ ಹಳಿಯೂ ಒಂದು ಕಾರಣ ಅಂತ ನನ್ನ ಲೆಕ್ಕ.

ಈಗ ವಿಶ್ವವಿದ್ಯಾಲಯ. ಇಲ್ಲೊಂದು ಸ್ವಾರಸ್ಯ ಇದೆ. ಮೈಸೂರು ವಿಶ್ವವಿದ್ಯಾಲಯದ ಬೇರು ಇರೋದು ಅರ್ಥಶಾಸ್ತ್ರದ ಚರ್ಚೆಯಲ್ಲಿ. 1911ರಲ್ಲಿ ಸಂಸ್ಥಾನದವರು ‘ಸಂಪದಭ್ಯುದಯ ಸಮಾಜ’ ಅಂತ ಒಂದನ್ನು ಮಾಡಿದರು. ಇಂಗ್ಲಿಷಿನಲ್ಲಿ ಮೈಸೂರ್ ಇಕನಾಮಿಕ್ ಕಾನ್ಫರೆನ್ಸ್. ಅದರ ಹಿಂದಿದ್ದವರು ವಿಶ್ವೇಶ್ವರಯ್ಯ. ಕೃಷಿಗೊಂದು, ಕೈಗಾರಿಕೆ–ವಾಣಿಜ್ಯಕ್ಕೊಂದು, ಶಿಕ್ಷಣಕ್ಕೊಂದು ಸಮಿತಿ. ಕೆಳಗೆ ಜಿಲ್ಲೆ, ತಾಲ್ಲೂಕು ಮಟ್ಟದ ಸಮಿತಿಗಳು. ನಾಡಿನ ಬಡತನ ಹೋಗಬೇಕಾದರೆ ಏನು ಮಾಡಬೇಕು ಅಂತ ಕೂತು ಯೋಚಿಸುವ ಸಭೆ ಅದು. ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾಲಯ, ಈ ಮೂರರ ಮಾತೂ ಬೆಳೆದಿದ್ದು ಅದರ ಅಂಗಳದಲ್ಲಿ. 1916ರ ಜುಲೈ 27ರಂದು ವಿಶ್ವವಿದ್ಯಾಲಯ ಹುಟ್ಟಿತು. ಅದಕ್ಕೆ ಮುಂಚೆ ನಮ್ಮ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ, ಕನ್ನಡದಲ್ಲಿ ‘ಅರ್ಥಶಾಸ್ತ್ರ’ ಅಂತಲೇ ಪುಸ್ತಕ ಬರೆದವರು.

ಹೊಸ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ, ಕಲಾ ವಿಷಯಗಳು ಮೈಸೂರಿನ ಮಹಾರಾಜಾ ಕಾಲೇಜಿಗೆ ಹಂಚಿಹೋದವು. ಅರ್ಥಶಾಸ್ತ್ರ ಕೂತಿದ್ದು ಮೈಸೂರಿನಲ್ಲಿ. ಆರಂಭದ ವರ್ಷಗಳಲ್ಲಿ ಅಲ್ಲಿ ಅರ್ಥಶಾಸ್ತ್ರ ಪಾಠ ಹೇಳಿದವರಲ್ಲಿ ಕೆ.ಟಿ. ಶಾ ಒಬ್ಬರು. ಮುಂದೆ ಸಂವಿಧಾನ ಸಭೆಯಲ್ಲಿ ‘ಸೆಕ್ಯುಲರ್, ಸೋಷಿಯಲಿಸ್ಟ್’ ಪದಗಳನ್ನು ಸಂವಿಧಾನಕ್ಕೆ ಸೇರಿಸಿ ಅಂತ ಹಟ ಹಿಡಿದು ಸೋತರಲ್ಲ, ಅದೇ ಶಾ. ಆಮೇಲಿನ ಕಾಲದಲ್ಲಿ ಎಂ.ಎಚ್. ಗೋಪಾಲ್ ಬಂದರು; 1799ರಿಂದ 1831ರ ತನಕದ ಮೈಸೂರು ಸಂಸ್ಥಾನದ ಹಣಕಾಸಿನ ಮೇಲೆ ಅವರು ಬರೆದ ಪುಸ್ತಕವನ್ನು ಚರಿತ್ರೆಕಾರರು ಈಗಲೂ ತೆಗೆದು ನೋಡ್ತಾರೆ.

ಇಷ್ಟಾದರೂ ತರೀಕೆರೆಯ ಹುಡುಗ ಹೈಸ್ಕೂಲು ಮುಗಿಸಿ ನೇರ ಮೈಸೂರಿಗೆ ಹೋಗೋದು ಸುಲಭದ ಮಾತಾಗಿರಲಿಲ್ಲ. ನಡುವೆ ಒಂದು ಮೆಟ್ಟಿಲು ಬೇಕಿತ್ತು. ಅದೇ ಇಂಟರ್‌ಮೀಡಿಯೆಟ್ ಕಾಲೇಜು. ಮೊದಲು ದೊಡ್ಡ ಊರುಗಳಲ್ಲಿ, ಆಮೇಲೆ ಒಂದೊಂದಾಗಿ ಜಿಲ್ಲಾ ಕೇಂದ್ರಗಳಲ್ಲಿ ಇವು ಬಂದವು. 1940ರ ದಶಕದ ಆರಂಭದ ಹೊತ್ತಿಗೆ ಶಿವಮೊಗ್ಗದಲ್ಲೂ ಒಂದಿತ್ತು. ಇವತ್ತಿನ ಸಹ್ಯಾದ್ರಿ ಕಾಲೇಜು ಬೆಳೆದಿದ್ದು ಅದರಿಂದ. ತರೀಕೆರೆಯಿಂದ ಶಿವಮೊಗ್ಗ ಸುಮಾರು 45 ಕಿ.ಮೀ., ನೇರ ರೈಲು. ಹಬ್ಬಕ್ಕೆ ಮನೆಗೆ ಬರಬಹುದು, ಬುತ್ತಿ ಕಳಿಸಬಹುದು, ಕೊಯ್ಲಿಗೆ ಕೈ ಸೇರಿಸಬಹುದು.

ಲೆಕ್ಕ ಹೀಗಿತ್ತು. ಇಂಟರ್ ಎರಡು ವರ್ಷ. ಅಲ್ಲಿಂದ ಮುಂದಕ್ಕೆ ಎರಡು ವರ್ಷ ಓದಿದರೆ ಸಾಮಾನ್ಯ ಬಿ.ಎ., ಮೂರು ವರ್ಷ ಓದಿದರೆ ಆನರ್ಸ್. ಆನರ್ಸ್ ಅಂದ್ರೆ ಒಂದೇ ವಿಷಯವನ್ನು ಆಳವಾಗಿ ಓದೋದು. ಅದಕ್ಕೆ ಪೈಪೋಟಿ, ಅದಕ್ಕೆ ಗೌರವ. ಗಮನಿಸಿ, ಇಲ್ಲಿ ‘ವರ್ಗಾವಣೆ’ ಅನ್ನೋದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ವಿಶೇಷ ಅನುಮತಿ ಆಗಿರಲಿಲ್ಲ. ಇಂಟರ್ ಮುಗಿದ ಮೇಲೆ ಎಲ್ಲರೂ ಎದ್ದು ಬೇರೆ ಕಡೆ ಹೋಗಲೇಬೇಕಿತ್ತು. ಇಡೀ ರೈಲೇ ಅರಸೀಕೆರೆಯಲ್ಲಿ ನಿಂತು, ಎಲ್ಲರೂ ಇಳಿದು ಗಾಡಿ ಬದಲಿಸಿದ ಹಾಗೆ. ಶಿವಮೊಗ್ಗದಲ್ಲಿ ಇಂಟರ್ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಆನರ್ಸ್ ಮಾಡಿ, ಮೈಸೂರಿನಲ್ಲಿ ಎಂ.ಎ. ಮುಗಿಸಿದ ಪಿ. ಲಂಕೇಶ್ ಈ ದಾರಿಯ ಪ್ರಸಿದ್ಧ ಪ್ರಯಾಣಿಕ. ಅವರ ವಿಷಯ ಇಂಗ್ಲಿಷ್, ಇರ್ಲಿ, ದಾರಿ ಇದೇ.

ಈ ವ್ಯವಸ್ಥೆಯ ದೊಡ್ಡ ಗುಣ ವಯಸ್ಸಿಗೆ ಸಂಬಂಧಿಸಿದ್ದು. ಹದಿನಾರಕ್ಕೆ ಹಳ್ಳಿ ಹೈಸ್ಕೂಲಿನಿಂದ ಬಂದ ಹುಡುಗನಿಗೆ ಇಂಗ್ಲಿಷ್ ಪಾಠ ಅರ್ಥ ಆಗ್ತಿರಲಿಲ್ಲ. ಇಂಟರ್‌ನ ಎರಡು ವರ್ಷದಲ್ಲಿ ಕಿವಿ ಪಳಗುತ್ತಿತ್ತು. ಹದಿನೆಂಟು, ಹತ್ತೊಂಬತ್ತಕ್ಕೆ, ಅಂದ್ರೆ ಸ್ವಲ್ಪ ಬುದ್ಧಿ ಬಂದ ಮೇಲೆ, ತನಗೆ ಯಾವ ವಿಷಯ ಬೇಕು, ಯಾವ ಊರು ಬೇಕು ಅಂತ ಮತ್ತೊಮ್ಮೆ ಆರಿಸಿಕೊಳ್ಳಬಹುದಿತ್ತು. ಮೊದಲ ಆಯ್ಕೆ ಕೆಟ್ಟರೂ ಎರಡನೆಯದೊಂದು ಇತ್ತು.

ಹಾಗಂತ ಆ ಕಾಲವನ್ನು ಹಾಡಿ ಹೊಗಳೋಕೆ ನಾನು ತಯಾರಿಲ್ಲ. ಆ ಗಾಡಿ ಹತ್ತಿದವರು ಯಾರು ಅಂತ ನೋಡಿದರೆ ಖುಷಿ ಇಳಿದುಹೋಗುತ್ತೆ. ಶಾನುಭೋಗರ ಮಕ್ಕಳು, ಪಟೇಲರ ಮಕ್ಕಳು, ಅಡಿಕೆ ಮಂಡಿಯವರ ಮಕ್ಕಳು, ತೋಟ ಇದ್ದವರ ಮಕ್ಕಳು. ಬಡ ಬ್ರಾಹ್ಮಣ ಹುಡುಗರಿಗೆ ‘ವಾರಾನ್ನ’ ಇತ್ತು: ಸೋಮವಾರ ಒಬ್ಬರ ಮನೇಲಿ, ಮಂಗಳವಾರ ಇನ್ನೊಬ್ಬರ ಮನೇಲಿ ಊಟ. ಆ ಜಗಲಿ ಬೇರೆಯವರಿಗೆ ಸಿಗುತ್ತಿರಲಿಲ್ಲ. ಉಳಿದ ಜಾತಿಯವರು ತಮ್ಮತಮ್ಮ ಸಂಘಗಳನ್ನು ಕಟ್ಟಿ ಹಾಸ್ಟೆಲ್ ಮಾಡಿಕೊಳ್ಳುವ ತನಕ ಕಾಯಬೇಕಾಯ್ತು. ಲಿಂಗಾಯತರು, ಒಕ್ಕಲಿಗರು 20ನೇ ಶತಮಾನದ ಮೊದಲ ದಶಕದಲ್ಲೇ ಸಂಘಟಿತರಾಗಿದ್ದು ಮುಖ್ಯವಾಗಿ ಓದಿಗಾಗಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಸರ್ಕಾರಿ ಕೆಲಸದ ಜೊತೆಗೆ ಓದಿಗೂ ನೆರವು ಬೇಕು ಅಂತ ವರದಿ ಕೊಟ್ಟಿತು. ದಲಿತ ಹುಡುಗರ ಪಾಲಿಗೆ ಇಂಟರ್ ಅನ್ನೋದೇ ಬಹುತೇಕ ಕೇಳಿದ ಕಥೆ. ಇನ್ನು ಹೆಣ್ಣುಮಕ್ಕಳು? ಮೈಸೂರಿನಲ್ಲಿ ಮಹಾರಾಣಿ ಕಾಲೇಜು ಇತ್ತು, ನಿಜ. ಆದರೆ ಅಜ್ಜಂಪುರದ ಒಂದು ಮನೆಯಿಂದ ಹದಿನೆಂಟರ ಹುಡುಗಿಯನ್ನು ಟ್ರಂಕು ಕೊಟ್ಟು ಅರಸೀಕೆರೆಗೆ ಗಾಡಿ ಹತ್ತಿಸುವವರು ಎಷ್ಟು ಜನ ಇದ್ದಿರಬಹುದು, ನೀವೇ ಊಹಿಸಿ.

ಹಾಗಾಗಿ ಈ ವ್ಯವಸ್ಥೆ ಹೋದಾಗ ಯಾರೂ ಅಳಲಿಲ್ಲ. 1950ರ ದಶಕದ ಕೊನೆಯ ಹೊತ್ತಿಗೆ ಇಂಟರ್ ಒಡೆದು ಎರಡಾಯ್ತು: ಒಂದು ವರ್ಷದ ಪಿಯುಸಿ, ಮೂರು ವರ್ಷದ ಪದವಿ. 1970ರ ದಶಕದ ಆರಂಭದಲ್ಲಿ ಪಿಯುಸಿ ಎರಡು ವರ್ಷದ್ದಾಯ್ತು. ಪಿಯುಸಿ ಶಾಲೆಯ ಕಡೆಗೆ ವಾಲಿತು, ಪದವಿ ಮೊದಲ ವರ್ಷದಿಂದ ಕೊನೆಯ ವರ್ಷದ ತನಕ ಒಂದೇ ಕಾಲೇಜಿನಲ್ಲಿ ಓದುವಂಥದ್ದಾಯ್ತು. ನಡುವೆ ಇಳಿಯುವ ಸ್ಟೇಷನ್ ತೆಗೆದುಹಾಕಿದರು.

ಇನ್ನೊಂದು ಕಡೆ ಕಾಲೇಜುಗಳೇ ಹುಡುಗರನ್ನು ಹುಡುಕಿಕೊಂಡು ಬಂದವು. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು, ದೇವರಾಜ ಅರಸು ಕಾಲದಲ್ಲಿ ಹಿಂದುಳಿದ ವರ್ಗದ ಹಾಸ್ಟೆಲುಗಳು ಬೆಳೆದವು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. ಅದಕ್ಕೂ ಮುಂಚೆ ಅಲ್ಲೇ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತು. ಭದ್ರಾ ಅಣೆಕಟ್ಟಿನ ಬುಡದಲ್ಲಿ, ತರೀಕೆರೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸ್ ಬರುವ ದೂರದಲ್ಲಿ ಒಂದು ವಿಶ್ವವಿದ್ಯಾಲಯ! ಆಮೇಲೆ ತಾಲ್ಲೂಕಿಗೊಂದು ಸರ್ಕಾರಿ ಪದವಿ ಕಾಲೇಜು. ಇವತ್ತು ಬೆಳಿಗ್ಗೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಹಳ್ಳಿಗಳ ಕಡೆಯಿಂದ ಬರುವ ಬಸ್ಸುಗಳಿಂದ ಬ್ಯಾಗು ಹಾಕಿಕೊಂಡು ಇಳಿಯೋರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದ ಮೊದಲನೆಯವರು ಅವರೇ. ಇಂಟರ್ ಕಾಲ ಇಂಥದ್ದನ್ನು ಕನಸಿನಲ್ಲೂ ಕಂಡಿರಲಿಲ್ಲ. ಇದನ್ನು ಮರೆತು ‘ಹಳೇ ಕಾಲದ ಆನರ್ಸ್ ಗತ್ತೇ ಬೇರೆ’ ಅನ್ನುವ ಹಿರಿಯರ ಜೊತೆ ನನಗೆ ತಕರಾರಿದೆ.

ಆದರೆ ಕಾಲೇಜು ಹತ್ತಿರ ಬರ್ತಾ ಇದ್ದ ಅದೇ ವರ್ಷಗಳಲ್ಲಿ ಅರ್ಥಶಾಸ್ತ್ರ ದೂರ ಹೋಗ್ತಾ ಇತ್ತು. ಇದು ಯಾರ ಗಮನಕ್ಕೂ ಅಷ್ಟಾಗಿ ಬರಲಿಲ್ಲ.

ಏನಾಯ್ತು ಅಂತ ಹೇಳ್ತೀನಿ. 1930ರ ದಶಕದ ಮಹಾರಾಜಾ ಕಾಲೇಜಿನಲ್ಲಿ ಅರ್ಥಶಾಸ್ತ್ರ ಅಂದರೆ ಭೂಕಂದಾಯ, ನಾಣ್ಯ, ಬ್ಯಾಂಕು, ಸಹಕಾರ, ಕ್ಷಾಮ, ಸುಂಕ. ಓದುವ ದೊಡ್ಡ ಪುಸ್ತಕ 1890ರಲ್ಲಿ ಆಲ್ಫ್ರೆಡ್ ಮಾರ್ಷಲ್ ಬರೆದದ್ದು. ಮಾರ್ಷಲ್‌ಗೆ ಗಣಿತ ಚೆನ್ನಾಗಿ ಬರ್ತಿತ್ತು, ಆದರೂ ಗಣಿತವನ್ನೆಲ್ಲ ಅಡಿಟಿಪ್ಪಣಿಗೂ ಪುಸ್ತಕದ ಕೊನೆಯ ಅನುಬಂಧಕ್ಕೂ ತಳ್ಳಿದ್ದ. ಸಾಮಾನ್ಯ ಓದುಗ ಅದನ್ನು ಬಿಟ್ಟು ಓದಬಹುದಿತ್ತು. ಇಂಟರ್‌ನಲ್ಲಿ ಚರಿತ್ರೆ, ತರ್ಕಶಾಸ್ತ್ರ ಓದಿದ ತರೀಕೆರೆ ಹುಡುಗ ಅರ್ಥಶಾಸ್ತ್ರ ಆನರ್ಸ್‌ಗೆ ಹೋದರೆ ಕಷ್ಟಪಡಬೇಕಾಗಿದ್ದು ಇಂಗ್ಲಿಷಿನ ಜೊತೆ. ಗಣಿತ ಅಡ್ಡ ಬರ್ತಿರಲಿಲ್ಲ.

1947ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಅಮೆರಿಕನ್ ಇಡೀ ಅರ್ಥಶಾಸ್ತ್ರವನ್ನು ಗಣಿತದ ಭಾಷೆಯಲ್ಲಿ ಕಟ್ಟಿ ಪುಸ್ತಕ ಬರೆದ. ನಮ್ಮಲ್ಲಿ 1956ರಲ್ಲಿ ಶುರುವಾದ ಎರಡನೇ ಪಂಚವಾರ್ಷಿಕ ಯೋಜನೆಯ ಹಿಂದೆ ಇದ್ದದ್ದು ಪಿ.ಸಿ. ಮಹಲನೋಬಿಸ್ ಅವರ ಗಣಿತದ ಮಾದರಿ. ವಿ.ಕೆ.ಆರ್.ವಿ. ರಾವ್ 1949ರಲ್ಲಿ ಡೆಲ್ಲಿ ಸ್ಕೂಲ್ ಆಫ್ ಇಕನಾಮಿಕ್ಸ್ ಕಟ್ಟಿದರು. 1960ರ ದಶಕದಲ್ಲಿ ಅಮರ್ತ್ಯ ಸೇನ್, ಸುಖಮಯ್ ಚಕ್ರವರ್ತಿ ಅಲ್ಲಿ ಪಾಠ ಹೇಳುವ ಹೊತ್ತಿಗೆ ಕ್ಯಾಲ್ಕುಲಸ್ ಇಲ್ಲದೆ ಆ ಬಾಗಿಲು ದಾಟೋದು ಕಷ್ಟ ಅನ್ನುವಂತಾಯ್ತು. ಅದೇ ರಾವ್ 1972ರಲ್ಲಿ ಬೆಂಗಳೂರಿಗೆ ಬಂದು ಐಸೆಕ್ ಸ್ಥಾಪಿಸಿದರು, ನಾಗರಬಾವಿ ಹತ್ತಿರ ಇರೋದು.

ತಾಲ್ಲೂಕು ಕಾಲೇಜಿನ ಅರ್ಥಶಾಸ್ತ್ರ ಮಾತ್ರ ಮಾರ್ಷಲ್ ಕಾಲದ ನೆರಳಲ್ಲೇ ಉಳೀತು. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಪಿಯುಸಿಯಲ್ಲಾದರೆ ಜೊತೆಗೆ ಸಮಾಜಶಾಸ್ತ್ರ, ಇದು ನಮ್ಮ ಕಡೆ ಗಟ್ಟಿಯಾದ ಜೋಡಿ. ‘ಎಚ್‌ಇಪಿಎಸ್’ ಅಂತ ಒಂದೇ ಉಸಿರಿಗೆ ಹೇಳ್ತಾರೆ. ಕನ್ನಡ ಮಾಧ್ಯಮ, ಒಳ್ಳೆಯ ಮೇಷ್ಟ್ರುಗಳು, ಎಷ್ಟೋ ಕಡೆ ಅತಿಥಿ ಉಪನ್ಯಾಸಕರು. ಗಣಿತ ಇಲ್ಲ. ‘ಆರ್ಟ್ಸ್ ತಗೊಂಡಿದ್ದೇ ಗಣಿತದಿಂದ ತಪ್ಪಿಸಿಕೊಳ್ಳೋಕೆ ಸಾರ್’ ಅನ್ನುವ ಮಾತು ನೀವೂ ಕೇಳಿರ್ತೀರಿ, ಹೇಳಿಯೂ ಇರಬಹುದು. ನಾನು ಓದಿದ್ದೂ ಅಂಥದ್ದೇ ಒಂದು ಕಾಲೇಜಿನಲ್ಲಿ. ಬೇಡಿಕೆ ರೇಖೆ ಕೆಳಗೆ ಇಳಿಯುತ್ತೆ ಅಂತ ಬೋರ್ಡಿನ ಮೇಲೆ ಎಳೆದು ತೋರಿಸಿದರು, ಆದರೆ ಅದರ ಇಳಿಜಾರನ್ನು ಅಳೆಯೋದು ಹೇಗೆ ಅಂತ ಯಾರೂ ಕೇಳಲಿಲ್ಲ. ಕೇಳುವ ಪ್ರಮೇಯ ಪಠ್ಯದಲ್ಲೇ ಇರಲಿಲ್ಲ.

ಈಗ ಇವತ್ತಿಗೆ ಬರೋಣ. ಒಂದು ಉದಾಹರಣೆ ಇಟ್ಟುಕೊಳ್ಳಿ: ಅಜ್ಜಂಪುರ ಕಡೆಯ ಒಬ್ಬಳು ಹುಡುಗಿ. ಅಪ್ಪ ಈರುಳ್ಳಿ ಬೆಳೀತಾರೆ. ಒಂದು ವರ್ಷ ಬೆಲೆ ಆಕಾಶಕ್ಕೆ, ಮರುವರ್ಷ ಚೀಲ ತುಂಬಿದ ಕೂಲಿಯೂ ಹುಟ್ಟಲ್ಲ. ಯಾಕೆ ಹೀಗೆ ಅನ್ನುವ ಕುತೂಹಲದಿಂದಲೇ ಅವಳಿಗೆ ಅರ್ಥಶಾಸ್ತ್ರ ಹಿಡಿಸಿದೆ. ಈಗ ಬಿ.ಎ. ಮೂರನೇ ಸೆಮಿಸ್ಟರ್. ಫೋನಿನಲ್ಲಿ ನೋಡಿ, ಬೆಂಗಳೂರಿನಲ್ಲಿ ಅರ್ಥಶಾಸ್ತ್ರಕ್ಕೇ ಅಂತ ರಾಜ್ಯ ಸರ್ಕಾರವೇ ಒಂದು ವಿಶ್ವವಿದ್ಯಾಲಯ ಮಾಡಿದೆ ಅಂತ ತಿಳ್ಕೊಂಡಿದ್ದಾಳೆ. ಹೌದು, ಜ್ಞಾನಭಾರತಿಯಲ್ಲಿರುವ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್, 2017ರಲ್ಲಿ ಶುರುವಾಗಿದ್ದು. ಅರ್ಥಶಾಸ್ತ್ರಜ್ಞರಾಗಿದ್ದ ಅಂಬೇಡ್ಕರರ ಹೆಸರು ಅದಕ್ಕೆ ಸರಿಯಾಗೇ ಒಪ್ಪುತ್ತೆ. ‘ನಾನು ಎರಡನೇ ವರ್ಷ ಮುಗಿಸಿ ಅಲ್ಲಿಗೆ ವರ್ಗ ಆಗಬಹುದಾ?’ ಅನ್ನೋದು ಅವಳ ಪ್ರಶ್ನೆ. 1945ರ ತರೀಕೆರೆ ಹುಡುಗನಿಗೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ, ಅವನು ಹೋಗಲೇಬೇಕಿತ್ತಲ್ಲ.

ಕಾಗದದ ಮೇಲೆ ಉತ್ತರ ಆಶಾದಾಯಕವಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಡುವೆ ಇಳಿದು, ನಡುವೆ ಹತ್ತುವ ಮಾತಾಡಿತು. 2021ರಲ್ಲಿ ಯುಜಿಸಿ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ತಂದಿತು. ನೀವು ಗಳಿಸಿದ ಕ್ರೆಡಿಟ್ಟುಗಳು ಬ್ಯಾಂಕಿನ ಠೇವಣಿ ಥರ ಒಂದು ಖಾತೆಯಲ್ಲಿ ಇರುತ್ತವೆ, ಇನ್ನೊಂದು ವಿಶ್ವವಿದ್ಯಾಲಯಕ್ಕೆ ಒಯ್ಯಬಹುದು ಅಂತ. ಕರ್ನಾಟಕ 2021–22ರಲ್ಲೇ ಆ ನೀತಿಯ ಪದವಿ ವ್ಯವಸ್ಥೆ ಜಾರಿಗೆ ತಂದಿತು, 2024–25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಅದಕ್ಕೆ ಸಲಹೆ ಕೊಟ್ಟ ರಾಜ್ಯ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷ ಸುಖದೇವ್ ಥೋರಟ್, ಅವರೂ ಅರ್ಥಶಾಸ್ತ್ರಜ್ಞರೇ. ಯಾರು ಸರಿ ಅನ್ನುವ ರಾಜಕೀಯಕ್ಕೆ ನಾನು ಹೋಗಲ್ಲ. ಆದರೆ ಠೇವಣಿಯ ಮಾತು ಬಂದಿದ್ದರಿಂದ ಒಂದು ಹೇಳಬೇಕು: ಪಾಸ್‌ಬುಕ್ ಇದ್ದ ಮಾತ್ರಕ್ಕೆ ಎಲ್ಲಾ ಅಂಗಡಿಯಲ್ಲೂ ಆ ನೋಟು ಚಲಾವಣೆ ಆಗಲ್ಲ. ಹೊಸ ವಿಶ್ವವಿದ್ಯಾಲಯದಲ್ಲಿ ಎರಡನೇ ಅಥವಾ ಮೂರನೇ ವರ್ಷಕ್ಕೆ ಸೀಟು ಖಾಲಿ ಇರಬೇಕು, ಎರಡೂ ಕಡೆಯ ಪಠ್ಯ ಹೊಂದಬೇಕು. ಅಲ್ಲಿಯವರು ಮೊದಲ ವರ್ಷದಲ್ಲೇ ಗಣಿತ, ಸಂಖ್ಯಾಶಾಸ್ತ್ರ ಮುಗಿಸಿರ್ತಾರೆ. ನಮ್ಮ ಹುಡುಗಿಯ ಖಾತೆಯಲ್ಲಿ ಚರಿತ್ರೆ, ರಾಜ್ಯಶಾಸ್ತ್ರದ ಕ್ರೆಡಿಟ್ ಇದೆ. ಕುವೆಂಪು ವಿಶ್ವವಿದ್ಯಾಲಯದ ಒಳಗೇ ಕಡೂರಿನಿಂದ ಶಿವಮೊಗ್ಗಕ್ಕೆ ಹೋಗೋದಾದರೆ ಟಿ.ಸಿ., ಎನ್‌ಒಸಿ ತೆಗೆದುಕೊಂಡು ವರ್ಷದ ಆರಂಭದಲ್ಲಿ ಓಡಾಡಿದರೆ ಆಗಬಹುದು. ಹೊರಗೆ, ಅದೂ ಪೈಪೋಟಿ ಇರುವ ಕಡೆ, ನಡುವೆ ಹತ್ತೋದು ಅಪರೂಪ.

ಇಲ್ಲಿ ಅಮೆರಿಕದ ಹೋಲಿಕೆ ಕೆಲಸಕ್ಕೆ ಬರುತ್ತೆ. ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿಯನ್ನು ಭದ್ರ ಮಾಡಿದ್ದು 1960ರ ‘ಮಾಸ್ಟರ್ ಪ್ಲಾನ್’ನಲ್ಲಿ. ಅದೇ 1960ರಲ್ಲಿ ಕುವೆಂಪು ಮೈಸೂರಿನಲ್ಲಿ ಮಾನಸಗಂಗೋತ್ರಿ ಕಟ್ಟಿದರು. ಅದೇ ವರ್ಷಗಳಲ್ಲಿ ನಾವು ಇಂಟರ್ ಕಾಲೇಜು ಮುಚ್ಚಿದೆವು. ಅವರು ಎರಡು ವರ್ಷದ ಕಾಲೇಜನ್ನು ಗಟ್ಟಿ ಮಾಡಿಕೊಂಡ ಹೊತ್ತಿಗೆ ನಾವು ಅದನ್ನು ಬಿಟ್ಟೆವು. ಕ್ಯುಪರ್ಟಿನೊದ ಡಿ ಆಂಜಾ ಕಾಲೇಜಿಗೆ ಹೋಗುವ ಹುಡುಗ ಹೈಸ್ಕೂಲಿನಲ್ಲಿ ಕ್ಯಾಲ್ಕುಲಸ್ ಕಲಿತಿರದಿದ್ದರೂ ಪರವಾಗಿಲ್ಲ, ಆ ಕಾಲೇಜೇ ಅದನ್ನು ಹೇಳಿಕೊಡುತ್ತೆ. ಹತ್ತೊಂಬತ್ತಕ್ಕೆ ಕಲಿತು, ಅರ್ಥಶಾಸ್ತ್ರಕ್ಕೆ ಅರ್ಜಿ ಹಾಕ್ತಾನೆ. ನಮ್ಮಲ್ಲಿ ಆ ತೀರ್ಮಾನ ಆಗೋದು ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರದಲ್ಲಿ, ಹದಿನೈದು–ಹದಿನಾರರ ವಯಸ್ಸಿನಲ್ಲಿ, ಪಿಯು ಕಾಲೇಜಿನ ಕೌಂಟರಿನ ಮುಂದೆ. ‘ಆರ್ಟ್ಸಾ, ಕಾಮರ್ಸಾ, ಸೈನ್ಸಾ?’ ಆರ್ಟ್ಸ್ ಅಂದ ಕ್ಷಣ ಗಣಿತ ಹೋಯ್ತು. ಗಣಿತ ಹೋದರೆ ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಹೋಯ್ತು, ಯಾಕಂದ್ರೆ ಅಲ್ಲಿ 12ನೇ ತರಗತಿಯ ಗಣಿತ ಕಡ್ಡಾಯ. ಇದನ್ನು ಆ ಕೌಂಟರಿನಲ್ಲಿ ಯಾರೂ ಹೇಳಲ್ಲ. ಹಳೆಯ ಜಂಕ್ಷನ್ ಪೂರ್ತಿ ಮಾಯವಾಗಲಿಲ್ಲ, ಮೂರು ವರ್ಷ ಹಿಂದಕ್ಕೆ, ಮಕ್ಕಳು ನಿದ್ದೆಯಲ್ಲಿರುವಾಗ ದಾಟಿಹೋಗುವ ಸ್ಟೇಷನ್ ಆಗಿಬಿಟ್ಟಿತು.

ಹಾಗಾದರೆ ಆ ಹುಡುಗಿ ಏನು ಮಾಡಬಹುದು? ಎರಡು ದಾರಿ ಕಾಣುತ್ತೆ. ಒಂದು, ಸಿಯುಇಟಿ ಬರೆದು ಮೊದಲ ವರ್ಷದಿಂದ ಮತ್ತೆ ಶುರು ಮಾಡೋದು. 2022ರಿಂದ ನಡೀತಿರುವ ಈ ಪರೀಕ್ಷೆಯನ್ನು ಪದವಿ ಹಂತಕ್ಕೆ 13 ಭಾಷೆಗಳಲ್ಲಿ ಬರೀಬಹುದು, ಕನ್ನಡವೂ ಅದರಲ್ಲಿದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಆದರೆ ಕಳೆದ ವರ್ಷಗಳು ಹೋದವು, ಮನೆಯಲ್ಲಿ ಒಪ್ಪಬೇಕು, ಗಣಿತ ಕೇಳುವ ಕಡೆ ಹೇಗೂ ಆಗಲ್ಲ. ಅರ್ಜಿ ಹಾಕುವ ಮುಂಚೆ ಪ್ರತಿ ವಿಶ್ವವಿದ್ಯಾಲಯದ ಆ ವರ್ಷದ ಅರ್ಹತಾ ನಿಯಮ ಓದಲೇಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಥರ ತನ್ನದೇ ಪರೀಕ್ಷೆ ಇಟ್ಟು, ಮನೆಯ ಆದಾಯ ನೋಡಿ ಶುಲ್ಕ ಬಿಡುವ ಕಡೆಗಳೂ ಇವೆ.

ಎರಡನೆಯದು ನನ್ನ ಪ್ರಕಾರ ಹೆಚ್ಚು ನಡೆಯುವ ದಾರಿ: ಪದವಿ ಅಲ್ಲೇ ಮುಗಿಸಿ, ಎಂ.ಎ.ಗೆ ಗಾಡಿ ಬದಲಿಸೋದು. ಇಂಟರ್ ಹೋದ ಮೇಲೆ ನಮ್ಮ ನಿಜವಾದ ಅರಸೀಕೆರೆ ಇರೋದು ಇಲ್ಲೇ. ಶಂಕರಘಟ್ಟ, ಮಾನಸಗಂಗೋತ್ರಿ, ಬೆಂಗಳೂರು, ಕಲಬುರಗಿ ಹತ್ತಿರದ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್, ದೆಹಲಿ. ಇಲ್ಲೂ ಒಂದು ಮುಳ್ಳಿದೆ. ಪದವಿ ಹಂತದ ಸಿಯುಇಟಿ ಕನ್ನಡದಲ್ಲಿದೆ ಅಂದೆನಲ್ಲ, ಸ್ನಾತಕೋತ್ತರ ಹಂತದ ಅರ್ಥಶಾಸ್ತ್ರ ಪತ್ರಿಕೆ ಬರೋದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಮೂರು ವರ್ಷ ಕನ್ನಡದಲ್ಲಿ ‘ಅನುಭೋಗಿಯ ಹೆಚ್ಚುವರಿ’ ಓದಿದವಳು ಪರೀಕ್ಷಾ ಕೊಠಡಿಯಲ್ಲಿ ಮೊದಲ ಸಲ ‘ಕನ್ಸ್ಯೂಮರ್ಸ್ ಸರ್‌ಪ್ಲಸ್’ ನೋಡುವ ಹಾಗಾಗಬಾರದು. ಎರಡೂ ಒಂದೇ ಅಂತ ಗೊತ್ತಿದ್ದರೆ ಅರ್ಧ ಭಯ ಹೋಗುತ್ತೆ. ಪ್ರತಿ ಕನ್ನಡ ಪದದ ಮುಂದೆ ಇಂಗ್ಲಿಷ್ ಪದ ಬರೆದಿಟ್ಟುಕೊಂಡ ಒಂದು ನೋಟ್‌ಬುಕ್ ಯಾವ ಕೋಚಿಂಗಿಗಿಂತ ಕಮ್ಮಿ ಇಲ್ಲ.

ಗಣಿತಕ್ಕೆ ಇನ್ನೂ ಮೂರು ಸೆಮಿಸ್ಟರ್ ಅವಳ ಕೈಯಲ್ಲಿದೆ. ಮೊದಲು ಹತ್ತನೇ ತರಗತಿಯ ಬೀಜಗಣಿತ ಮತ್ತೊಮ್ಮೆ, ನಾಚಿಕೆ ಇಲ್ಲದೆ. ಆಮೇಲೆ ಪಿಯುಸಿ ಪುಸ್ತಕದಿಂದ ಫಂಕ್ಷನ್, ಡಿಫರೆನ್ಸಿಯೇಷನ್, ಮ್ಯಾಟ್ರಿಕ್ಸ್. ಕೊನೆಗೆ ಸಂಭವನೀಯತೆ, ಸಂಖ್ಯಾಶಾಸ್ತ್ರ. ‘ಸ್ವಯಂ’ ಪೋರ್ಟಲಿನಲ್ಲಿ ಅರ್ಥಶಾಸ್ತ್ರದವರಿಗೆ ಬೇಕಾದ ಗಣಿತದ ಪಾಠಗಳು ಪುಕ್ಕಟೆ ಸಿಗುತ್ತವೆ. ಪಕ್ಕದ ಕ್ಲಾಸಿನಲ್ಲಿ ಬಿಎಸ್ಸಿ ಗಣಿತದ ಮೇಷ್ಟ್ರು ಇದ್ದರೆ ಇನ್ನೂ ಒಳ್ಳೇದು; ಶನಿವಾರ ಮಧ್ಯಾಹ್ನ ಒಂದು ಗಂಟೆ ಕೇಳಿ ನೋಡಿ, ಬಹಳ ಜನ ಇಲ್ಲ ಅನ್ನಲ್ಲ. ಈರುಳ್ಳಿ ಬೆಲೆಯ ಏರಿಳಿತ ಅರ್ಥ ಮಾಡಿಕೊಳ್ಳೋಕೂ ಈ ಗಣಿತವೇ ಬೇಕು. ಈ ವರ್ಷದ ಬೆಲೆ ನೋಡಿ ಮುಂದಿನ ವರ್ಷ ಬಿತ್ತನೆ ಮಾಡಿದರೆ ಬೆಲೆ ಯಾಕೆ ತೂಗಾಡುತ್ತೆ ಅನ್ನೋದಕ್ಕೆ ಅರ್ಥಶಾಸ್ತ್ರದಲ್ಲಿ ‘ಕಾಬ್‌ವೆಬ್’ ಅಂತ, ಜೇಡರಬಲೆಯ ಹೆಸರಿನ, ಒಂದು ಮಾದರಿಯೇ ಇದೆ. ಅಪ್ಪನ ಮೂರು ನಾಲ್ಕು ವರ್ಷದ ಮಂಡಿ ಚೀಟಿಗಳನ್ನು ಹರಡಿಕೊಂಡು ಕೂತರೆ ಅದನ್ನು ಅಜ್ಜಂಪುರದ ಮನೆಯಲ್ಲೇ ಬಿಡಿಸಿ ನೋಡಬಹುದು.

ಮುಂದಿನ ಸಂಚಿಕೆಯಲ್ಲಿ ತರೀಕೆರೆಯಲ್ಲೇ ಇರ್ತೀವಿ. ಅಲ್ಲಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಓಡ್ತಿದ್ದ ಪುಟ್ಟ ಟ್ರಾಮ್ ರೈಲಿನ ಕಥೆ. ಅಲ್ಲಿ ತನಕ, ನಮಸ್ಕಾರ.